ದೂರ ಕೂತವರ ಜೋಡಿ

ಕೆಲೆಪಿ ಬಾಗಿಲಲ್ಲಿ ನಿಂತು ಲೆಸಿಯೆಲಿಯನ್ನು ನೋಡಿದ. ನೋಡಿಯೂ ಒಳಗೆ ಬಂದು ಕೂತ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ತಂಗಿ ಇರುವ ಕೋಣೆಯಲ್ಲಿ ಅಣ್ಣನಾದವನು ಕೂರುವುದಿಲ್ಲ. ಟೊಂಗಾದ ಮಗುವಿಗೆ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡಬೇಕಾಗಿಲ್ಲ, ತಾಯಿಹಾಲಿನ ಜೊತೆಗೇ ಬರುತ್ತದೆ. ತಂಗಿ ಒಳಗೆ ಬಂದರೆ ಅಣ್ಣ ಎದ್ದು ಹೊರಗೆ ಹೋಗಬೇಕು. ಅವಳ ಕಿವಿಗೆ ಬೀಳುವಂತೆ ಗಂಡು ಹೆಣ್ಣಿನ ಸುದ್ದಿ ಎತ್ತಬಾರದು, ಒಬ್ಬರ ಎಂಜಲು ಇನ್ನೊಬ್ಬರು ಮುಟ್ಟಬಾರದು, ಟೀವಿಯಲ್ಲಿ ಯಾರಾದರೂ ಯಾರಿಗಾದರೂ ಮುತ್ತಿಟ್ಟರೆ ಅಂಗಳಕ್ಕೆ ಓಡಬೇಕು. ಊರು ಬಿಟ್ಟು ಫಿಜಿಯ ಸೂವಾದ ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ಇದನ್ನು ಸ್ವಲ್ಪ ಸಡಿಲ ಮಾಡಿಕೊಳ್ಳುವವರೂ ಇದ್ದರು. ನೂರಾರು ಜನ ತುಂಬಿದ ಸಭಾಂಗಣದಲ್ಲಿ ಯಾರು ಯಾರನ್ನು ನೋಡುತ್ತಾರೆ? ಆದರೆ ಇದು ಇಪ್ಪತ್ತು ಕುರ್ಚಿಗಳ ಕೋಣೆ.

ಕೆಲೆಪಿ ಅವಳ ಸೋದರಮಾವನ ಮಗ. ಟೊಂಗಾದ ಲೆಕ್ಕದಲ್ಲಿ ಅವನು ಅಣ್ಣನೇ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವನಿಗೂ ಅವನಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಲೆಸಿಯೆಲಿ ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವಳು, ದರ್ಜೆಯಲ್ಲಿ ಬಹಳ ದೊಡ್ಡವಳು. ಅವನ ಅಪ್ಪನ ಅಕ್ಕನ ಮಗಳಾದ್ದರಿಂದ ಅವನ ಮನೆಗೆ ಅವಳೇ ಫಾಹು. ಫಾಹು ಬಂದು ಹಂದಿ ಕೇಳಿದರೆ ಹಂದಿ, ಚಾಪೆ ಕೇಳಿದರೆ ಚಾಪೆ. ಇಲ್ಲ ಅನ್ನುವ ಮಾತಿಲ್ಲ. ಮದುವೆಯಿರಲಿ ಸಾವಿರಲಿ, ಎಲ್ಲರಿಗಿಂತ ಮೇಲಿನ ಜಾಗ ಅವಳದು.

ಆ ಜಾಗದಲ್ಲಿ ಅವಳು ಕೂತದ್ದು ಕೆಲೆಪಿಯ ಅಪ್ಪ ತೀರಿಕೊಂಡಾಗ. ಹೆಣದ ತಲೆಯ ಹತ್ತಿರ ಅವಳು, ಹಿತ್ತಿಲಲ್ಲಿ ಹರಕು ಚಾಪೆ ಸೊಂಟಕ್ಕೆ ಸುತ್ತಿಕೊಂಡು ನೆಲದ ಒಲೆ ತೋಡುತ್ತಿದ್ದವನು ಸತ್ತವನ ಸ್ವಂತ ಮಗ. ಸಾವಿನ ಮನೆಗೆ ಕಾಣಿಕೆಯಾಗಿ ಬಂದ ಚಾಪೆಗಳನ್ನೆಲ್ಲ ಅವಳ ಮುಂದೆ ರಾಶಿ ಹಾಕಿದರು. ಅದರಲ್ಲಿ ಕೆಲೆಪಿಯ ಅಮ್ಮ ವರ್ಷಗಟ್ಟಲೆ ಕೂತು ನೇಯ್ದದ್ದೊಂದಿತ್ತು, ಬಟ್ಟೆಯಷ್ಟು ನಯವಾದದ್ದು. ಅದು ಮಗಳ ಮದುವೆಗೆ ಬೇಕೆಂದು ಆಕೆ ಯಾರ ಯಾರ ಕೈಲೋ ಹೇಳಿಸಿದಳು. ಲೆಸಿಯೆಲಿ ಅದನ್ನೇ ತೋರಿಸಿ, ಅದು ನನಗೆ ಅಂದಳು. ಬೇಕಾಗಿತ್ತು ಅಂತಲ್ಲ, ಕೇಳಬಹುದಾಗಿತ್ತು ಅಂತ. ಅದಕ್ಕಾಗಿ ಅವಳು ಒಂದು ದಿನವೂ ಪಶ್ಚಾತ್ತಾಪ ಪಟ್ಟವಳಲ್ಲ. ಹಕ್ಕನ್ನು ಬಳಸದೆ ಬಿಟ್ಟರೆ ಅದು ಹಳಸಿದ ಅನ್ನ ಎಂದು ಅವಳಮ್ಮ ಹೇಳುತ್ತಿದ್ದಳು.

ಈಗ ಅದೇ ಕೆಲೆಪಿ ಬಾಗಿಲ ಪಕ್ಕದ ಹಿಂದಿನ ಕುರ್ಚಿಯಲ್ಲಿ ಪೆನ್ನು ತೆಗೆದು ಕೂತಿದ್ದ. ಲೆಸಿಯೆಲಿ ಕಿಟಕಿಯ ಪಕ್ಕ, ಮುಂದಿನ ಸಾಲಿನ ತುದಿಯಲ್ಲಿ. ಇದಕ್ಕಿಂತ ದೂರ ಹೋಗಲು ಆ ಕೋಣೆಯಲ್ಲಿ ಜಾಗವಿರಲಿಲ್ಲ.

ಅವಳೇ ಬಿಟ್ಟು ಹೋಗುವ ಹಾಗಿರಲಿಲ್ಲ. ರಸಾಯನಶಾಸ್ತ್ರದಲ್ಲಿ ತರಗತಿಗೇ ಮೊದಲು ಬರುವ ಹುಡುಗಿ ಹಿಂದಿನ ವರ್ಷ ಈ ಇಂಗ್ಲಿಷ್ ವ್ಯಾಕರಣದಲ್ಲಿ ಮುಗ್ಗರಿಸಿ ಬಿದ್ದಿದ್ದಳು. ಯಾವ ಪದವಿಗೆ ಸೇರಿದರೂ ಇದನ್ನು ದಾಟಲೇಬೇಕು. ಗಡ್ಡ ಮೀಸೆ ಬಂದವರು, ಮಕ್ಕಳ ತಾಯಂದಿರು ಸಾಲಾಗಿ ಕೂತು ಅವನು ಹೋಗುತ್ತಾನೆ, ಅವರು ಹೋಗುತ್ತಾರೆ ಎಂದು ರಾಗವಾಗಿ ಒಪ್ಪಿಸಬೇಕು. ಇನ್ನೊಮ್ಮೆ ಬಿದ್ದರೆ ಸರಕಾರದ ವಿದ್ಯಾರ್ಥಿವೇತನ ನಿಲ್ಲುತ್ತದೆ, ಮುಂದಿನ ವಿಮಾನ ಹತ್ತಿ ಮನೆಗೆ. ಅವಳಿಗಾಗಿ ಊರಿನ ಚರ್ಚಿನಲ್ಲಿ ಪ್ರತಿ ಭಾನುವಾರ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದರು. ಸೋತು ಹೋಗಿ ಆ ಚರ್ಚಿನ ಬೆಂಚಿನಲ್ಲಿ ಕೂರುವುದಕ್ಕಿಂತ ಸಮುದ್ರಕ್ಕೆ ಹಾರುವುದು ಮೇಲೆಂದು ಅವಳಿಗೆ ಅನಿಸುತ್ತಿತ್ತು.

ಪಾಠ ಹೇಳುತ್ತಿದ್ದವರು ಮಿಸೆಸ್ ನೈಕರ್. ದಕ್ಷಿಣ ಭಾರತ ಮೂಲದವರು, ಸೂವಾದಲ್ಲೇ ಹುಟ್ಟಿ ಬೆಳೆದವರು, ಕೊಡೆ ಬಿಟ್ಟು ಎಲ್ಲಿಗೂ ಹೋಗದವರು. ಕೋಣನ ಮುಂದೆ ಕಿನ್ನರಿ ಬಾರಿಸುವುದಕ್ಕೇ ತನಗೆ ಸಂಬಳ ಎಂದು ತರಗತಿಯಲ್ಲೇ ಹೇಳುತ್ತಿದ್ದರು. ವಿದ್ಯಾರ್ಥಿಗಳ ಮೇಲೆ ಅವರಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಒತ್ತಾಗಿ ಕೂತವರು ಒಬ್ಬರದನ್ನೊಬ್ಬರು ಕದಿಯುತ್ತಾರೆ ಎಂಬುದು ಅವರ ಸಿದ್ಧಾಂತ. ಹಾಗಾಗಿ ಮಾತಿನ ಪರೀಕ್ಷೆಗೆ ಜೋಡಿ ಮಾಡುವಾಗ ಅವರದೇ ಒಂದು ಕ್ರಮವಿತ್ತು. ಕೋಣೆಯಲ್ಲಿ ಯಾರಿಂದ ಯಾರು ಅತಿ ದೂರ ಕೂತಿದ್ದಾರೋ ಅವರಿಬ್ಬರು ಒಂದು ಜೋಡಿ.

ಅವರು ಕಿಟಕಿಯ ಮೂಲೆಯಿಂದ ಬಾಗಿಲ ಮೂಲೆಗೆ ಬೆರಳಾಡಿಸಿ ಲೆಸಿಯೆಲಿ, ಕೆಲೆಪಿ ಎಂದು ಬರೆದುಕೊಂಡರು. ಎಲ್ಲ ಜೋಡಿಗೂ ಒಂದೇ ಸನ್ನಿವೇಶ. ಗಂಡ ತಡವಾಗಿ ಮನೆಗೆ ಬರುತ್ತಾನೆ, ಹೆಂಡತಿ ಎಲ್ಲಿದ್ದೆ, ಯಾರ ಜೊತೆಗಿದ್ದೆ ಎಂದು ಪ್ರಶ್ನಿಸುತ್ತಾಳೆ, ಅವನು ಉತ್ತರ ಕೊಡುತ್ತಾನೆ. ಭೂತಕಾಲವೂ ಪ್ರಶ್ನಾರ್ಥಕ ವಾಕ್ಯವೂ ಒಟ್ಟಿಗೇ ಗೊತ್ತಾಗುತ್ತದೆಂದು ಅವರ ಲೆಕ್ಕಾಚಾರ. ಇದರಲ್ಲಿ ಸೊನ್ನೆ ಬಂದರೆ ಉಳಿದದ್ದರಲ್ಲಿ ಎಷ್ಟು ಬಂದರೂ ಪಾಸಾಗುವಂತಿರಲಿಲ್ಲ.

ಇಡೀ ತರಗತಿ ಕಿಸಕ್ಕನೆ ನಕ್ಕಿತು. ಟೊಂಗಾದವರು ಆ ಕೋಣೆಯಲ್ಲಿ ಅವರಿಬ್ಬರೇ.

ಪಾಠ ಮುಗಿದ ಮೇಲೆ ಅವಳು ಮಿಸೆಸ್ ನೈಕರ್ ಹಿಂದೆಯೇ ಅವರ ಕೋಣೆಗೆ ಹೋದಳು. ಅವನು ತನ್ನ ಅಣ್ಣ ಎಂದು ಹೇಳಿದಳು. ಅವರು ಹಾಜರಿ ಪುಸ್ತಕ ತೆರೆದು ಇಬ್ಬರ ಮನೆಹೆಸರು ನೋಡಿದರು, ಇಬ್ಬರ ಊರು ನೋಡಿದರು, ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಅವಳು ಸಂಬಂಧ ಬಿಡಿಸಿ ಹೇಳಬೇಕಾಯಿತು.

"ಅವನಪ್ಪನ ಅಕ್ಕನ ಮಗಳಾ ನೀನು?" ಮಿಸೆಸ್ ನೈಕರ್ ಪೆನ್ನು ಕೆಳಗಿಟ್ಟರು. "ಅಯ್ಯೋ ಹುಚ್ಚಿ, ನಮ್ಮಲ್ಲಿ ಅದು ಮದುವೆ ಆಗೋ ವರಸೆ. ನಮ್ಮಮ್ಮ ನಮ್ಮಪ್ಪ ಹಂಗೇ ಮದುವೆ ಆದೋರು. ಇಲ್ಲಿನ ಫಿಜಿ ಜನಾನೂ ಅಷ್ಟೇ, ಆ ವರಸೆಯೋರನ್ನ ಕಂಡ್ರೆ ರೇಗಿಸಿ ರೇಗಿಸಿ ಪ್ರಾಣ ತಿಂತಾರೆ. ನಿಮ್ಮೋರಿಗೊಬ್ರಿಗೆ ಏನಂತೆ?"

ಲೆಸಿಯೆಲಿಗೆ ಕಿವಿ ಮುಚ್ಚಿಕೊಳ್ಳುವಂತಾಯಿತು. ಇಂಥ ಮಾತನ್ನು ಊರಲ್ಲಿ ಯಾರಾದರೂ ಅವಳೆದುರು ಆಡಿದ್ದರೆ ಅವಳ ತಮ್ಮಂದಿರು ಆ ಮನೆಗೆ ಕಲ್ಲು ತೂರುತ್ತಿದ್ದರು. ಇಲ್ಲಿ ಕೈ ಕಟ್ಟಿಕೊಂಡು ಕೇಳಬೇಕಾಗಿತ್ತು. ಟೊಂಗಾದ ಹುಡುಗರು ಹಿಂದಿನ ವರ್ಷ ಒಬ್ಬಳೇ ಅಜ್ಜಿಯನ್ನು ಎಷ್ಟು ಸಲ ಸಾಯಿಸಿ ರಜೆ ತೆಗೆದುಕೊಂಡರೆಂದು ಮಿಸೆಸ್ ನೈಕರ್ ಹೇಳಿದರು. ಜೋಡಿ ಬದಲಾಯಿಸುವುದಿಲ್ಲ, ಒಬ್ಬಳಿಗೆ ಬದಲಾಯಿಸಿದರೆ ನಾಳೆ ಇಪ್ಪತ್ತು ಜನ ಬಂದು ನಿಲ್ಲುತ್ತಾರೆ ಎಂದರು. ಇಬ್ಬರಲ್ಲಿ ಒಬ್ಬರು ಈ ತರಗತಿ ಬಿಟ್ಟು ಮುಂದಿನ ವರ್ಷ ಸೇರಿಕೊಂಡರೆ, ಉಳಿದವರಿಗೆ ಹೊಸ ಜೋಡಿ ಕೊಡಬಹುದು. ಅಷ್ಟೇ.

ಅಲ್ಲಿಗೆ ವಿಷಯ ನೇರವಾಯಿತು. ಒಬ್ಬರು ಹೋಗಬೇಕು, ಮತ್ತು ಹೋಗಬೇಕಾದವನು ಅಣ್ಣ. ಇದರಲ್ಲಿ ಲೆಸಿಯೆಲಿಗೆ ತಿಲಮಾತ್ರವೂ ಸಂಶಯವಿರಲಿಲ್ಲ.

ಅವನೊಡನೆ ನೇರ ಮಾತಾಡುವಂತಿಲ್ಲವಾದ್ದರಿಂದ ಹಾಸ್ಟೆಲ್ ಕೋಣೆಯ ಗೆಳತಿ ತೆರೇತಿಯಾಳನ್ನು ಕಳಿಸಿದಳು. ತೆರೇತಿಯಾ ಕಿರಿಬಾಸ್ ದ್ವೀಪದವಳು, ಅದೇ ತರಗತಿಯವಳು, ಬೇರೆಯವರ ಜಗಳವೆಂದರೆ ಹಬ್ಬದೂಟ ಅವಳಿಗೆ. ಕ್ಯಾಂಟೀನಿನಲ್ಲಿ ಕೆಲೆಪಿಯನ್ನು ಹಿಡಿದು, ನಿನ್ನ ತಂಗಿ ತರಗತಿ ಬಿಡಲು ಹೇಳಿದ್ದಾಳೆ ಎಂದಳು. ಅವನಿಗೆ ಇದು ಮೊದಲ ಸಲ, ಬಿಟ್ಟರೆ ಒಂದು ವರ್ಷ ಹೋಗುತ್ತದೆ. ಲೆಸಿಯೆಲಿ ಬಿಟ್ಟರೆ ಎಲ್ಲವೂ ಹೋಗುತ್ತದೆ ಎಂದೂ ಬಿಡಿಸಿ ಹೇಳಿದಳು. ಅವನು ಕಸಾವೆ ಗೆಡ್ಡೆ ಅಗಿಯುತ್ತ ಪೂರ್ತಿ ಕೇಳಿಸಿಕೊಂಡನಂತೆ. ಊರಿನ ಬಂದರು ಕಚೇರಿಯಲ್ಲಿ ತನಗೆ ಕೊಟ್ಟಿರುವ ರಜೆ ಈ ಒಂದು ವರ್ಷಕ್ಕೆ ಮಾತ್ರ, ಮುಗಿಸದೆ ಹೋದರೆ ಕೊನೆಯವರೆಗೂ ಮೂಟೆ ಎಣಿಸುವ ಕೆಲಸವೇ ಗತಿ ಎಂದನಂತೆ.

"ಆಮೇಲೆ?" ಲೆಸಿಯೆಲಿ ಕೇಳಿದಳು.

"ಆಮೇಲೆ ಏನಂದ ಗೊತ್ತಾ?" ತೆರೇತಿಯಾ ಹಾಸಿಗೆಯ ಮೇಲೆ ಕಾಲು ಮಡಚಿ ಕೂತಳು. "'ನಮ್ಮಮ್ಮನ ಚಾಪೆ ತಗೊಂಡ್ಲಲ್ಲ, ಸಾಕು. ಕುರ್ಚಿ ಕೊಡಲ್ಲ ಅಂತ ಹೇಳು' ಅಂದ. ಏನೇ ಅದು ಚಾಪೆ?"

ಚಾಪೆಯ ಕಥೆ ಹೇಳಲು ಲೆಸಿಯೆಲಿಗೆ ಮನಸ್ಸಿರಲಿಲ್ಲ. ಅವನ ಸೊಕ್ಕು ಇಳಿಸುವುದೊಂದೇ ತಲೆಯಲ್ಲಿತ್ತು. ಅಮ್ಮನಿಗೆ ಫೋನ್ ಮಾಡಿದಳು. ಅಮ್ಮ ಕೆಲೆಪಿಯ ಅಮ್ಮನಿಗೆ ಮಾಡಿದಳು. ಆಕೆ ಅಳುತ್ತ, ಬಿಟ್ಟುಬಿಡು ಮಗನೇ ಎಂದು ಮಗನಿಗೆ ಹೇಳಿದಳಂತೆ. ಅವನು ಮರುದಿನವೂ ಬಂದು ಅದೇ ಕುರ್ಚಿಯಲ್ಲಿ ಕೂತ.

ಆಗ ಲೆಸಿಯೆಲಿಗೆ ಒಂದು ಉಪಾಯ ಹೊಳೆಯಿತು. ಟೊಂಗಾದ ಹೆಣ್ಣಿಗೆ ಬಿಟ್ಟು ಬೇರೆ ಯಾರಿಗೂ ಅದು ಹೊಳೆಯುವಂಥದ್ದಲ್ಲ. ಅಲ್ಲಿಯವರೆಗೆ ಅವಳು ಅವನಿಂದ ದೂರ ಕೂತಿದ್ದಳು. ಯಾಕೆ ದೂರ ಕೂರಬೇಕು? ಬಾಯಿ ಏನೇ ಹೇಳಲಿ, ಅವನ ಮೈ ಅವನಮ್ಮ ಬೆಳೆಸಿದ ಮೈ. ಮುಂದಿನ ಪಾಠಕ್ಕೆ ಅವಳು ತನ್ನ ಚೀಲ ಎತ್ತಿಕೊಂಡು ಒಂದು ಸಾಲು ಹಿಂದೆ ಬಂದು ಕೂತಳು. ಅದರ ಮುಂದಿನ ಪಾಠಕ್ಕೆ ಇನ್ನೊಂದು ಸಾಲು. ಕೆಲೆಪಿಯ ಪೆನ್ನು ನಿಧಾನವಾಯಿತು. ಮಿಸೆಸ್ ನೈಕರ್ ಏನು ಕೇಳಿದರೂ ಅವನು ತಪ್ಪು ಹೇಳತೊಡಗಿದ. ಕರ್ತೃ ಯಾವುದು ಎಂದರೆ ಕ್ರಿಯಾಪದ ತೋರಿಸುತ್ತಿದ್ದ. ಹಿಂದಿನಿಂದ ಅವನ ಉಸಿರಾಟ ಅವಳಿಗೆ ಕೇಳಿಸುತ್ತಿತ್ತು, ಕೇಳಿ ಅವಳಿಗೆ ಖುಷಿಯಾಗುತ್ತಿತ್ತು.

ಕೊನೆಗೊಂದು ದಿನ ಅವಳು ಅವನ ಪಕ್ಕದ ಕುರ್ಚಿಗೇ ಬಂದು ಚೀಲ ಇಟ್ಟಳು. ಅವನ ಮುಖ ನೋಡಲಿಲ್ಲ. ಅವನು ಬೆಂಕಿ ತಗುಲಿದವನಂತೆ ಎದ್ದ. ಗೆದ್ದೆ ಅಂದುಕೊಂಡಳು. ಅವನು ಹೊರಗೆ ಹೋಗಲಿಲ್ಲ. ಪುಸ್ತಕ ತೆಗೆದುಕೊಂಡು ಹಿಂದಿನ ಗೋಡೆಗೆ ಹೋಗಿ ಬೆನ್ನು ಕೊಟ್ಟು ನಿಂತ. ಯಾಕಪ್ಪ ನಿಂತೆ ಎಂದು ಮಿಸೆಸ್ ನೈಕರ್ ಕೇಳಿದರೆ ಸೊಂಟನೋವು ಎಂದ.

ಅಂದಿನಿಂದ ಅವನು ನಿಂತುಕೊಂಡೇ ಇಂಗ್ಲಿಷ್ ಕಲಿತ. ಪುಸ್ತಕವನ್ನು ಗೋಡೆಗೆ ಒತ್ತಿ ಹಿಡಿದು ಬರೆಯುತ್ತಿದ್ದ. ಹುಡುಗರು ಅವನಿಗೆ ದೀಪದ ಕಂಬ ಎಂದು ಹೆಸರಿಟ್ಟರು, ಪಾಠ ಶುರುವಾಗುವ ಮೊದಲು ಕಂಬ ಹತ್ತಿಸ್ರೋ ಎಂದು ಕೂಗುತ್ತಿದ್ದರು. ಲೆಸಿಯೆಲಿ ಹಿಂದಿನ ಸಾಲಿನಲ್ಲಿ ಕೂತು, ಬೆನ್ನ ಹಿಂದೆ ನಿಂತವನನ್ನು ದ್ವೇಷಿಸುತ್ತ ಭೂತಕಾಲದ ರೂಪಗಳನ್ನು ಬಾಯಿಪಾಠ ಮಾಡಿದಳು. ದ್ವೇಷದಲ್ಲಿ ಕಲಿತದ್ದು ಮರೆಯುವುದಿಲ್ಲ. ಹಿಂದಿನ ವರ್ಷ ತಲೆಗೆ ಹತ್ತದ್ದು ಈ ಸಲ ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಂತಿತು.

ಪರೀಕ್ಷೆಯ ದಿನ ಅವನು ಬರಲಾರ ಎಂದೇ ಅವಳು ನಂಬಿದ್ದಳು. ಬರದೆ ಹೋದರೆ ಅವಳಿಗೆ ಬೇರೆ ಜೋಡಿ ಸಿಗುತ್ತದೆ, ಅವನಿಗೆ ಸೊನ್ನೆ ಸಿಗುತ್ತದೆ. ಬೆಳಿಗ್ಗೆ ತೆರೇತಿಯಾ ಹಲ್ಲುಜ್ಜುತ್ತ ಸುದ್ದಿ ತಂದಳು.

"ಬರ್ತಾನಂತೆ ಕಣೇ. ಬಂದು ಮೂಗನ ಥರ ನಿಂತ್ಕೊತಾನಂತೆ. 'ಅವಳಿಗೂ ಬಾಯಿ ಬರಲ್ಲ, ನಂಗೂ ಬರಲ್ಲ. ಇಬ್ರೂ ಒಟ್ಟಿಗೇ ಮನೆಗೆ ಹೋಗೋಣ' ಅಂದ. ನೀನು ಮುಳುಗಿದ್ರೆ ಸಾಕಂತೆ ಅವನಿಗೆ."

ಲೆಸಿಯೆಲಿ ತಲೆ ಬಾಚುತ್ತಿದ್ದವಳು ಕೈ ನಿಲ್ಲಿಸಿದಳು. ಅವನ ಲೆಕ್ಕ ಸರಿಯಾಗಿತ್ತು. ಟೊಂಗಾದ ಹೆಣ್ಣು ಅಣ್ಣನ ಎದುರು ನಿಂತು ಹೆಂಡತಿಯ ಮಾತು ಆಡುವುದುಂಟೆ? ಆಡುವುದಿಲ್ಲ ಎಂಬ ಧೈರ್ಯದ ಮೇಲೆಯೇ ಅವನು ಬರುತ್ತಿದ್ದ. ತನ್ನ ಮರ್ಯಾದೆಯನ್ನೇ ತನ್ನ ಕುತ್ತಿಗೆಗೆ ಉರುಳು ಮಾಡಿದ್ದಾನೆ ಎಂದು ಅವಳಿಗೆ ಕೋಪ ನೆತ್ತಿಗೇರಿತು. ಆ ಕೋಪದಲ್ಲೇ ಅವಳು ತೀರ್ಮಾನಿಸಿದಳು.

ಅವರಿಗಿಂತ ಮೊದಲು ವನುವಾಟುವಿನ ಹುಡುಗನೊಬ್ಬ ಕುಡಿದ ಗಂಡನಾಗಿ ತೂರಾಡಿ ಎಲ್ಲರನ್ನೂ ನಗಿಸಿ ಹೋದ. ಆಮೇಲೆ ಮಿಸೆಸ್ ನೈಕರ್ ಇವರ ಹೆಸರು ಕರೆದರು. ಕೆಲೆಪಿ ಗೋಡೆ ಬಿಟ್ಟು ಬಂದು, ಅವಳಿಗೆ ಅರ್ಧ ಬೆನ್ನು ಹಾಕಿ, ಬೋರ್ಡಿನ ಕಡೆ ಮುಖ ಮಾಡಿ ನಿಂತ. ಕೈ ಕಟ್ಟಿಕೊಂಡ. ಶುರು ಮಾಡಿ ಎಂದರು ಮಿಸೆಸ್ ನೈಕರ್. ಹುಡುಗರು ಕಂಬ ಹತ್ತುತ್ತಿಲ್ಲ ಎಂದು ಪಿಸುಗುಟ್ಟಿದರು.

"ಎಲ್ಲಿದ್ದೆ ಇಷ್ಟು ಹೊತ್ತು?" ಲೆಸಿಯೆಲಿ ಇಂಗ್ಲಿಷಿನಲ್ಲಿ ಕೇಳಿದಳು.

ಕೆಲೆಪಿಯ ಕೈ ಬಿಟ್ಟುಹೋಯಿತು. ಅವಳು ಅವನ ಎದುರಿಗೆ ಸುತ್ತಿ ಬಂದು ನಿಂತಳು. ಹುಟ್ಟಿದಾಗಿನಿಂದ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಅನ್ನ ಆರಿಹೋಯ್ತು. ಹಾಸಿಗೆ ಹಾಸಿ ಕಾದು ಕಾದು ಸಾಕಾಯ್ತು. ಯಾರ ಮನೇಲಿದ್ದೆ? ಯಾರ ಪಕ್ಕ ಮಲಗಿದ್ದೆ? ನಾನು ನಿನ್ನ ಹೆಂಡ್ತಿ ಅಲ್ವಾ? ಮಾತಾಡು. ನನ್ನ ಮುಖ ನೋಡಿ ಮಾತಾಡು."

ಒಂದೊಂದು ವಾಕ್ಯವೂ ತಪ್ಪಿಲ್ಲದೆ, ಮಣಿ ಪೋಣಿಸಿದಂತೆ ಬಂತು. ಹುಡುಗರು ಸಿಳ್ಳೆ ಹಾಕಿದರು. ಕೆಲೆಪಿಯ ಕುತ್ತಿಗೆಯಿಂದ ಕಿವಿಯವರೆಗೆ ರಕ್ತ ಏರಿತು, ಆಮೇಲೆ ಅಷ್ಟೇ ಬೇಗ ಇಳಿದು ಮುಖ ಬೂದಿಯಾಯಿತು. ಮೂಗನಂತೆ ನಿಲ್ಲಲು ಬಂದವನು ನಿಜಕ್ಕೂ ಮೂಗನಾಗಿದ್ದ. ಎರಡೂ ಕಿವಿಗೆ ಅಂಗೈ ಒತ್ತಿಕೊಂಡು, ಎಳೆಯ ಮಗುವಿನ ಹಾಗೆ ತಲೆ ತಗ್ಗಿಸಿ, ಕುರ್ಚಿಗಳಿಗೆ ಎಡವುತ್ತ ಹೊರಗೆ ಹೋದ.

ಮಿಸೆಸ್ ನೈಕರ್ ಚಪ್ಪಾಳೆ ತಟ್ಟಿದರು. ಹುಡುಗಿಗೆ ಅಂದಿನ ಅತಿ ಹೆಚ್ಚಿನ ಅಂಕ ಕೊಟ್ಟರು, ಹುಡುಗನಿಗೆ ಸೊನ್ನೆ. ಅಣ್ಣ ತಂಗಿ ಎಂದು ನಾಟಕವಾಡಿದೆಯಲ್ಲ ಕಳ್ಳಿ ಎಂದು ಅವಳ ಕೆನ್ನೆ ಹಿಂಡಿದರು.

ಆ ಸಂಜೆ ಲೆಸಿಯೆಲಿ ಹೊಟ್ಟೆ ತುಂಬ ಉಂಡಳು, ಚೆನ್ನಾಗಿ ನಿದ್ದೆ ಮಾಡಿದಳು. ನಾಚಿಕೆಯಾಗಬಹುದೆಂದು ಕಾದು ನೋಡಿದಳು, ಆಗಲಿಲ್ಲ. ಆಡಿದ್ದು ಇಂಗ್ಲಿಷಿನಲ್ಲಿ, ಕೇಳಿದವರು ಬೇರೆ ದ್ವೀಪದವರು. ಅರ್ಥವಾದದ್ದು ಅವನೊಬ್ಬನಿಗೆ, ಅದನ್ನು ಅವನು ಯಾವ ಬಾಯಲ್ಲಿ ಯಾರಿಗೆ ಹೇಳುತ್ತಾನೆ? ಫಲಿತಾಂಶ ಬಂದಾಗ ಅವಳ ಹೆಸರು ಪಾಸಾದವರ ಸಾಲಿನಲ್ಲಿತ್ತು. ಅಮ್ಮನಿಗೆ ಫೋನ್ ಮಾಡಿ ಹೇಳಿದಳು. ಚರ್ಚಿನಲ್ಲಿ ಅವಳಿಗಾಗಿ ಎದ್ದು ನಿಂತು ಹಾಡಿದರಂತೆ.

ಅದಾದ ವಾರ ಅವಳು ಮಾರ್ಕೆಟ್ ಕಡೆ ಹೋಗುವ ಬಸ್ಸಿನಲ್ಲಿ ಕೂತಿದ್ದಳು. ಬಸ್ಸು ಅರ್ಧ ಖಾಲಿ. ಮುಂದಿನ ನಿಲ್ದಾಣದಲ್ಲಿ ಕೆಲೆಪಿ ಹತ್ತಿದ, ಕೈಯಲ್ಲಿ ದೊಡ್ಡ ಚೀಲ, ಊರಿಗೆ ಹೊರಟವನ ಹಾಗಿದ್ದ. ಅವಳು ಬೆನ್ನು ನೆಟ್ಟಗೆ ಮಾಡಿ ಕಿಟಕಿಯ ಹೊರಗೆ ನೋಡತೊಡಗಿದಳು. ಅವನು ಅವಳನ್ನು ಕಂಡು ಇಳಿಯಬೇಕು, ಇಲ್ಲವೇ ಡ್ರೈವರನ ಹಿಂದೆ ಹೋಗಿ ನಿಲ್ಲಬೇಕು. ಅಷ್ಟು ಸೋತವನು ಅಷ್ಟಾದರೂ ಮಾಡಿಯಾನು.

ಅವನು ನೇರವಾಗಿ ಬಂದು ಅವಳ ಪಕ್ಕದಲ್ಲಿ ಕೂತ. ಚೀಲವನ್ನು ಕಾಲ ಸಂದಿಯಲ್ಲಿಟ್ಟುಕೊಂಡ. ತೊಡೆಗೆ ತೊಡೆ ತಾಗಿತು. ಜೇಬಿನಿಂದ ಕಾಗದದಲ್ಲಿ ಸುತ್ತಿದ ರೊಟ್ಟಿ ತೆಗೆದು ತಿನ್ನತೊಡಗಿದ.

"ಎದ್ದು ಹೋಗು," ಅಂದಳು ಲೆಸಿಯೆಲಿ. ತಮ್ಮ ಭಾಷೆಯಲ್ಲಿ ಅವಳು ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಯಾಕೆ?" ಅವನು ಅಗಿಯುತ್ತಲೇ ಕೇಳಿದ. ಕವಾ ಬೇರಿನ ರಸ ಕುಡಿಯುವ ಗೆಳೆಯರೊಡನೆ ಆಡುವ ದನಿಯಲ್ಲೇ ಆಡಿದ. "ತಂಗಿ ಅಂತ ಅಲ್ವಾ ಅಷ್ಟು ದಿನ ಗೋಡೆ ಕಾಯ್ದಿದ್ದು? ನೀನೇ ಅಲ್ಲ ಅಂದ್ಯಲ್ಲ, ಎಲ್ಲರ ಎದುರಿಗೆ. ಇನ್ನೇನು ಕಷ್ಟ ನಂಗೆ?"

ಅವಳು ಸುತ್ತ ನೋಡಿದಳು. ಯಾರೂ ಇವರ ಕಡೆ ನೋಡುತ್ತಿರಲಿಲ್ಲ. ನೋಡಿದ್ದರೂ ಬಸ್ಸಿನಲ್ಲಿ ಕೂತ ಒಂದು ಗಂಡು ಒಂದು ಹೆಣ್ಣು, ಅಷ್ಟೇ.

"ಡಿಸೆಂಬರಲ್ಲಿ ನನ್ನ ತಂಗಿ ಮದುವೆ," ಅಂದ ಕೆಲೆಪಿ. "ಫಾಹು ಜಾಗದಲ್ಲಿ ಬೇರೆಯೋರು ಕೂರ್ತಾರೆ. ಅಮ್ಮಂಗೆ ಫೋನಲ್ಲಿ ಹೇಳಿಯಾಯ್ತು. ಯಾಕೆ ಅಂದ್ಲು. ನೀನು ಆಡಿದ್ದನ್ನ ಹಾಗೇ ಒಪ್ಪಿಸ್ದೆ, ಒಂದು ಮಾತೂ ಬಿಡದೆ. ಹೇಳೋಕೆ ಬಾಯಿ ಬರ್ತಿರ್ಲಿಲ್ಲ ನಂಗೆ, ಆದ್ರೂ ಹೇಳ್ದೆ. ನಿಮ್ಮಮ್ಮ ಪಕ್ಕದಲ್ಲೇ ಕೂತಿದ್ಲಂತೆ."

ಲೆಸಿಯೆಲಿ ಚೀಲದಿಂದ ಫೋನ್ ತೆಗೆದು ನೋಡಿದಳು. ಅಮ್ಮ ಎರಡು ದಿನದಿಂದ ಫೋನ್ ಎತ್ತುತ್ತಿರಲಿಲ್ಲ. ಪಾಸಾದ ಸಂಭ್ರಮದಲ್ಲಿ ಚರ್ಚಿನ ಹೆಂಗಸರಿಗೆ ಊಟ ಹಾಕಿಸುತ್ತಿದ್ದಾಳೆ ಅಂದುಕೊಂಡಿದ್ದಳು. ಆ ಹೆಂಗಸರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಪದವಿ ಹಿಡಿದುಕೊಂಡು ಅವಳು ಯಾವ ಮನೆಯ ಯಾವ ಜಾಗದಲ್ಲಿ ಹೋಗಿ ಕೂರಬೇಕು? ಅವನ ಮೇಲೆ ಅವಳಿಗಿದ್ದ ಹಕ್ಕೆಲ್ಲ ಅವನು ಎದ್ದು ಹೋಗುವುದರಲ್ಲಿತ್ತು, ಗೋಡೆಗೆ ಒರಗಿ ನಿಲ್ಲುವುದರಲ್ಲಿತ್ತು. ಇವನು ಈಗ ಹಾಯಾಗಿ ಕೂತಿದ್ದ.

ಕೆಲೆಪಿ ರೊಟ್ಟಿಯನ್ನು ಎರಡು ಮಾಡಿ, ತಾನು ಕಚ್ಚಿದ ಅರ್ಧವನ್ನು ಅವಳ ಮುಂದೆ ಹಿಡಿದ.

"ತಿಂತೀಯಾ?"

ಎದ್ದವಳು ಲೆಸಿಯೆಲಿ. ಅವನ ಮೊಣಕಾಲು ದಾಟಿ, ಚೀಲಕ್ಕೆ ಎಡವಿ, ಬಾಗಿಲ ಬಳಿಯ ಕಂಬ ಹಿಡಿದು ನಿಂತಳು. ಅವನು ಅವಳು ಬಿಟ್ಟ ಜಾಗಕ್ಕೆ ಸರಿದು, ಕಿಟಕಿಯ ಗಾಳಿಗೆ ಮುಖ ಕೊಟ್ಟು, ಉಳಿದ ರೊಟ್ಟಿ ತಿನ್ನತೊಡಗಿದ.